‘ಏನೂ ಆಗಲ್ಲ’ ಎಂಬ ಅರೆಸತ್ಯ

ಮೂಳೆ ಮಜ್ಜೆಯ ಪರೀಕ್ಷೆಗೆ ಒಪ್ಪಿಸುವಾಗ ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಕಿವಿಗೆ ಬೀಳುವ ಮಾತು ಸಾಮಾನ್ಯವಾಗಿ ಒಂದೇ: ‘ಏನೂ ಆಗಲ್ಲ, ಒಂದು ಇಂಜೆಕ್ಷನ್ ಅಷ್ಟೇ.’ ಧೈರ್ಯ ತುಂಬುವ ಉದ್ದೇಶವೇನೋ ಸರಿ. ಆದರೆ ರೋಗಿ ಮಗ್ಗುಲಾಗಿ ಮಲಗಿ, ಸೂಜಿ ಮೂಳೆಯೊಳಗೆ ಇಳಿದ ಹೊತ್ತಿಗೆ ಆ ಮಾತು ಸುಳ್ಳಾಗುತ್ತದೆ. ಸೊಂಟದ ಹಿಂಬದಿಯ ಮೂಳೆಯ ಮೇಲಿನ ಚರ್ಮ ಮತ್ತು ಮೂಳೆಯ ಹೊರಪೊರೆ ಮರಗಟ್ಟುವಂತೆ ಔಷಧ ಕೊಡುತ್ತಾರೆ. ಮಜ್ಜೆಯ ಒಳಗೆ ಅದು ಕೆಲಸ ಮಾಡದು. ಹಾಗಾಗಿ ಸಿರಿಂಜಿನಲ್ಲಿ ಮಜ್ಜೆ ಎಳೆಯುವ ಕೆಲವು ಸೆಕೆಂಡು ಒಳಗಿಂದಲೇ ಹಿಡಿದು ಜಗ್ಗಿದಂತಾಗುತ್ತದೆ, ಕೆಲವರಿಗೆ ತೊಡೆಯವರೆಗೂ ಸೆಳೆಯುತ್ತದೆ. ಆಮೇಲೆ ದಪ್ಪ ಸೂಜಿ ತಿರುವುತ್ತ ಒಂದೆರಡು ಸೆಂಟಿಮೀಟರ್ ಉದ್ದದ ಮೂಳೆಯ ಚೂರು ತೆಗೆಯುವಾಗ ಅನೇಕರಿಗೆ ನೋವಿಗಿಂತ ಒತ್ತಡವೇ ಹೆಚ್ಚು. ಸಾಮಾನ್ಯವಾಗಿ ಎಲ್ಲ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಇಷ್ಟು ಹೊತ್ತಿನದು ಎಂದು ಗೊತ್ತಿರುವ ನೋವನ್ನು ಹಲ್ಲು ಕಚ್ಚಿ ದಾಟಬಹುದು. ‘ಏನೂ ಆಗಲ್ಲ’ ಅಂದ ಮೇಲೂ ನೋವಾದರೆ ಏನೋ ಎಡವಟ್ಟಾಯಿತೆಂದು ರೋಗಿ ಬೆದರಿ ಮಿಸುಕುತ್ತಾನೆ. ಅಪಾಯ ಇರುವುದು ಆ ಮಿಸುಕಾಟದಲ್ಲಿ.

ಇದನ್ನೆಲ್ಲ ಹೇಳಿದರೆ ಸಿರುಗುಪ್ಪ, ಕುರುಗೋಡಿನಿಂದ ಬಳ್ಳಾರಿಗೆ ಬಂದವರು ಹೆದರಿ ವಾಪಸ್ ಬಸ್ ಹತ್ತುತ್ತಾರೆ ಎಂಬ ವಾದವಿದೆ. ಅದು ಹಗುರವಾದದ್ದಲ್ಲ, ರಕ್ತ ಕ್ಯಾನ್ಸರ್ ಶಂಕೆಯಿರುವಾಗ ಒಂದು ವಾರವೂ ದುಬಾರಿ. ಆದರೆ ಜನರನ್ನು ಓಡಿಸುವ ಭಯ ಬೇರೆಯದೇ: ಬೆನ್ನಿಗೆ ಸೂಜಿ ಚುಚ್ಚಿದರೆ ಕಾಲು ಬಿದ್ದುಹೋಗುತ್ತದೆ ಎಂಬುದು. ಬೆನ್ನುಹುರಿ ಆ ಜಾಗಕ್ಕಿಂತ ಎಷ್ಟೋ ಮೇಲೆ ಮುಗಿದಿರುತ್ತದೆಂದು ಕೈಯಿಟ್ಟು ತೋರಿಸಲು ಒಂದು ನಿಮಿಷ ಸಾಕು. ಬ್ರಿಟನ್ನಿನ ಒಂದು ಸಮೀಕ್ಷೆಯಲ್ಲಿ ಸುಮಾರು 55,000 ಪರೀಕ್ಷೆಗಳಲ್ಲಿ ಗಂಭೀರ ತೊಂದರೆ ಕಂಡದ್ದು 26ರಲ್ಲಿ, ಹೆಚ್ಚಿನವು ರಕ್ತಸ್ರಾವ. ನಿಜವೇ ವೈದ್ಯರ ಪರವಾಗಿರುವಾಗ ಅದನ್ನು ಮುಚ್ಚಿಡುವುದೇಕೆ? ರೋಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ರಕ್ತಸ್ರಾವಕ್ಕೆ ದಾರಿಯಾಗಬಲ್ಲ ಆ ವಿಚಾರವೂ ಹೀಗೆ ಬಿಡಿಸಿ ಮಾತಾಡಿದಾಗಲೇ ಹೊರಬರುತ್ತದೆ.

ಮಾತಾಡಬೇಕಾದದ್ದು ರೋಗಿಯೊಂದಿಗೆ, ವರಾಂಡದಲ್ಲಿ ನಿಂತ ಮಗನೊಂದಿಗಲ್ಲ. ಸ್ವಂತ ನಿರ್ಧಾರ ಮಾಡಬಲ್ಲ ವಯಸ್ಕರ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಮನೆಯಲ್ಲಿ ತೆಲುಗೋ ಉರ್ದುವೋ ಆಡುವವರು ಇಷ್ಟಿರುವ ಬಳ್ಳಾರಿಯಲ್ಲಿ ಕನ್ನಡದ ಫಾರಂ ಒಂದಕ್ಕೆ ಹೆಬ್ಬೆಟ್ಟು ಒತ್ತಿಸಿದರೆ ಕೆಲಸ ಮುಗಿಯದು. ‘ರೆಸ್ಟ್ ತಗೊಳ್ಳಿ’ ಎಂಬ ಸಲಹೆಯೂ ಅಷ್ಟೇ ಪೊಳ್ಳು. ಭತ್ತದ ನಾಟಿಗೆ ಹೋಗುವವಳಿಗೆ ಒಂದು ದಿನ ಪಟ್ಟಿ ನೆನೆಯಬಾರದೆಂದೂ, ಮೆಣಸಿನಕಾಯಿ ಚೀಲ ಹೊರುವವನಿಗೆ ಒಂದೆರಡು ದಿನ ಭಾರ ಎತ್ತಬಾರದೆಂದೂ ಹೇಳಬೇಕು. ಗಾಜಿನ ಮೇಲೆ ಸವರಿದ ಮಜ್ಜೆಯ ವರದಿ ಬೇಗ ಬರಬಹುದು. ಮೂಳೆಯ ಚೂರಿನ ಸುಣ್ಣ ಕರಗಿಸಿ ನೋಡಲು ಇನ್ನೂ ಹಲವು ದಿನ ಬೇಕು. ಅದನ್ನು ಮೊದಲೇ ತಿಳಿಸಿದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಉಳಿಯುತ್ತದೆ.