ನಮ್ಮ ಕಥೆಗಳಲ್ಲಿ ಕಾಣದ ಹೆಂಗಸು

ನಾವು ಹಿಂದೆ ಬರೆದ ಕಥೆಯೊಂದರಲ್ಲಿ ಬೀಡಿ ಕಟ್ಟುವ ಅತ್ತೆಯೊಬ್ಬಳಿದ್ದಾಳೆ. ಮಾತೆತ್ತಿದರೆ ಸೊಸೆಯ ಮೇಲೆ ಹರಿಹಾಯುತ್ತಾಳೆ. ಇದ್ದಕ್ಕಿದ್ದಂತೆ ಎಲೆಯ ಮೊರವನ್ನು ಬದಿಗೆ ತಳ್ಳಿ ಅಂಗಳಕ್ಕೆ ಹೋಗಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾಳೆ. ಕಥೆ ಸೊಸೆಯ ಪರವಾಗಿತ್ತು. ಓದಿದವರು ಮೆಚ್ಚಿದರು. ಅಳದಂಗಡಿಯಲ್ಲಿ ಬೀಡಿ ಕಟ್ಟುವ ಬ್ಯಾರಿ ಹೆಂಗಸೊಬ್ಬರು ಮಾತ್ರ ಅದನ್ನು ಮಗಳಿಂದ ಓದಿಸಿ ಕೇಳಿ, ನಮ್ಮನ್ನು ಕಂಡಾಗ ವಿಚಾರಿಸಿದರು: “ಆ ಅತ್ತೆಗೆ ಅಷ್ಟು ಸೆಕೆ ಯಾಕೆ ಆಗುವುದು, ರಾತ್ರಿ ನಿದ್ದೆ ಉಂಟಾ ಇಲ್ಲವಾ ಅಂತ ನೀವು ಕೇಳಲೇ ಇಲ್ಲ ಅಲ್ಲವಾ?” ಅವರಿಗೆ ನಲವತ್ತೆಂಟು. ಕಥೆಯ ಅತ್ತೆಗೂ ಹೆಚ್ಚುಕಡಿಮೆ ಅಷ್ಟೇ.

ನಮ್ಮಲ್ಲಿ ಉತ್ತರವಿರಲಿಲ್ಲ. ದೇಹದ ಸಂಕಟವನ್ನು ನಾವು ಸ್ವಭಾವದ ದೋಷವೆಂದು ಬರೆದಿದ್ದೆವು. ನಾವೂ ಆ ವಯಸ್ಸಿನ ಹೊಸ್ತಿಲಲ್ಲೇ ಇದ್ದೇವೆ ಎಂಬುದು ತಪ್ಪನ್ನು ಇನ್ನೂ ದೊಡ್ಡದು ಮಾಡುತ್ತದೆ.

ಈ ತಪ್ಪು ನಮ್ಮೊಬ್ಬರದೇ ಎನ್ನುವಂತಿಲ್ಲ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾ ಎಳೆಯ ಹೆಂಡತಿ. ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯ ಮೆಹರುನ್ ಮಕ್ಕಳ ತಾಯಿ. ತಲಾಖ್, ಗಂಡನ ದ್ರೋಹ, ಬಿಡುವಿಲ್ಲದ ಹೆರಿಗೆಗಳು ಅಂದು ಹೇಳಲೇಬೇಕಾಗಿದ್ದ ಮಾತುಗಳು. ಅವರು ಧೈರ್ಯವಾಗಿ ಹೇಳಿದರು. ಅವರ ಹಿಂದೆ ಬಂದ ನಾವು ಆ ಹೆಂಗಸನ್ನು ಮದುಮಗಳು, ಬಾಣಂತಿ, ಪರಿತ್ಯಕ್ತೆ ಎಂದು ಬರೆದು, ಅಲ್ಲಿಂದ ನೇರವಾಗಿ ತಸ್ಬೀಹ್ ಹಿಡಿದ ಅಜ್ಜಿಯನ್ನಾಗಿ ಮಾಡಿದೆವು. ನಡುವಿನ ಹತ್ತು ವರ್ಷ ಎಲ್ಲಿ ಹೋಯಿತು? ಆಕೆ ಅತ್ಯಂತ ಹೆಚ್ಚು ದುಡಿಯುವ, ಮಗಳ ಮದುವೆಗೆ ಸಾಲ ತೀರಿಸುವ ವರ್ಷಗಳೂ ಅವೇ.

ದಾರಿ ತೋರಿದವರು ಇರಲಿಲ್ಲವೆಂದೂ ಹೇಳಲಾಗದು. ತ್ರಿವೇಣಿಯವರು ‘ಶರಪಂಜರ’ದಲ್ಲಿ, ನೆರೆಹೊರೆ ಹುಚ್ಚೆಂದು ಹಣೆಪಟ್ಟಿ ಹಚ್ಚಿದ್ದನ್ನು ಹೆರಿಗೆಯ ನಂತರದ ಕಾಯಿಲೆಯೆಂದು ಕಂಡರು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ‘ತಾಯಿ ಮಗು’ವಿನಂಥ ಪುಸ್ತಕಗಳಲ್ಲಿ ಹೆಣ್ಣಿನ ದೇಹದ ಕುರಿತು ಕನ್ನಡದಲ್ಲಿ ಮುಜುಗರವಿಲ್ಲದೆ ಮಾತಾಡಬಹುದೆಂದು ತೋರಿಸಿದರು. ಹೆರಿಗೆಗೆ ಸಿಕ್ಕ ಆ ಕಣ್ಣು ಮುಟ್ಟು ನಿಲ್ಲುವ ಕಾಲಕ್ಕೆ ನಮ್ಮಿಂದ ಸಿಗಲಿಲ್ಲ.

ಭಾಷೆಯ ಪಾಲೂ ಇದರಲ್ಲಿದೆ. ಉರ್ದುವಿನಲ್ಲಿ ಇದಕ್ಕೆ ‘ಸಿನ್ನೆ ಯಾಸ್’ ಎನ್ನುತ್ತಾರೆ, ನಿರಾಶೆಯ ವಯಸ್ಸು. ಮುಟ್ಟಿನ ಆಸೆ ಬಿಟ್ಟುಹೋದ ವಯಸ್ಸು ಎಂಬಷ್ಟೇ ಅದರ ಮೂಲದ ಅರ್ಥ. ಬದುಕಿನ ಆಸೆ ಬಿಡುವುದೆಂದಲ್ಲ. ಕನ್ನಡದ ‘ಋತುಬಂಧ’ ಪುಸ್ತಕದ ಮಾತು, ಅಡುಗೆಮನೆಗೆ ಬರುವುದಿಲ್ಲ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಅದಕ್ಕೂ ಕೆಲವು ವರ್ಷ ಮೊದಲೇ ಮೈ ಬಿಸಿಯೇರುವುದು, ನಿದ್ದೆಗೇಡು, ಗಂಟುನೋವು, ಮರೆವು ಶುರುವಾಗಬಹುದು. ಮೂರು ತಿಂಗಳು ಕಾಣದ ಮುಟ್ಟು ಬಂದರೆ ಹತ್ತು ದಿನ ನಿಲ್ಲದಿರಬಹುದು.

ಇಂಥ ಹೊತ್ತಿನಲ್ಲಿ ಕೆಲಸದ ಜಾಗ ಆಕೆಗೆ ಏನು ಕೊಡುತ್ತದೆ? ಕರ್ನಾಟಕ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಮುಟ್ಟಿನ ರಜೆಯ ನೀತಿಯನ್ನು ಒಪ್ಪಿ ನವೆಂಬರ್‌ನಲ್ಲಿ ಆದೇಶ ಹೊರಡಿಸಿತು. 18ರಿಂದ 52 ವರ್ಷದವರಿಗೆ ತಿಂಗಳಿಗೊಂದು, ವರ್ಷಕ್ಕೆ 12 ಸಂಬಳದ ರಜೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯ ಹೆಸರೂ ಅದರಲ್ಲಿತ್ತು; ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ ಆ ಕಾಯ್ದೆ ಕಾರ್ಮಿಕರೆಂದೇ ಒಪ್ಪಿತ್ತು. ಅದೇ ನವೆಂಬರ್ 21ರಂದು ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು.

ಆದೇಶ ಸ್ವಾಗತಾರ್ಹ. ಆದರೆ ಅದನ್ನೂ ಒಂದು ಕಥೆಯಂತೆ ಓದಿ ನೋಡಿ: ಅದರ ನಾಯಕಿ ತಿಂಗಳಿಗೊಮ್ಮೆ ತಪ್ಪದೆ ಮುಟ್ಟಾಗುವವಳು. ಬಳಸದ ರಜೆ ಮುಂದಿನ ತಿಂಗಳಿಗೆ ಸೇರುವುದಿಲ್ಲ. ಲೆಕ್ಕ ತಪ್ಪಿದ ನಲವತ್ತೆಂಟರ ದೇಹಕ್ಕೆ ಈ ಕ್ಯಾಲೆಂಡರ್ ಹೊಂದುತ್ತದೆಯೇ? ಮುಟ್ಟು ನಿಂತ ಮೇಲೂ ನಿದ್ದೆ ಬಾರದ ಐವತ್ತೈದರವಳು ಯಾವ ರಜೆ ಕೇಳಬೇಕು? ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವವಳಿಗೆ ಕಟ್ಟದ ದಿನ ಕೂಲಿಯಿಲ್ಲದ ದಿನ. ಬೆರಳ ಗಂಟು ನೋಯುವಾಗ ಎಣಿಕೆ ಇಳಿಯುತ್ತದೆ. ಕೈ ತಪ್ಪಿದ ಬೀಡಿ ಬ್ರಾಂಚಿನಲ್ಲಿ ತಳ್ಳಿಹೋಗುತ್ತದೆ.

ಬ್ರಿಟನ್ನಿನ ಮಾನಕ ಸಂಸ್ಥೆ 2023ರಲ್ಲಿ ಮುಟ್ಟು ಮತ್ತು ಋತುಬಂಧದ ಬಗ್ಗೆ ಕೆಲಸದ ಜಾಗಗಳಿಗಾಗಿ ಮಾರ್ಗದರ್ಶಿಯೊಂದನ್ನು ಹೊರತಂದಿತು. ನಮಗೆ ಬೇಕಾದದ್ದು ಅಷ್ಟು ದೂರದಲ್ಲೇನೂ ಇಲ್ಲ. ಬ್ರಾಂಚಿನಲ್ಲಿ ಕುಳಿತುಕೊಳ್ಳಲು ಒಂದು ಬೆಂಚು, ಫ್ಯಾನು, ನೀರು, ಬಾಗಿಲು ಹಾಕಿಕೊಳ್ಳಬಹುದಾದ ಶೌಚಾಲಯ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಗರ್ಭಿಣಿಯನ್ನಷ್ಟೇ ಅಲ್ಲ, ಅವಳ ಅತ್ತೆಯನ್ನೂ ವಿಚಾರಿಸುವುದು. ಅತಿಯಾದ ರಕ್ತಸ್ರಾವವಿದ್ದರೆ ರಕ್ತಹೀನತೆಯ ಪರೀಕ್ಷೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿಗೆ. ಮನೆಯಲ್ಲಿ, ‘ಅವಳ ಸ್ವಭಾವವೇ ಹಾಗೆ’ ಎನ್ನುವ ಮೊದಲು ಒಂದು ಪ್ರಶ್ನೆ.

ಕಥೆ ಬರೆಯುವವರ ಕೆಲಸವೂ ಆ ಪ್ರಶ್ನೆಯನ್ನು ಕೇಳುವುದೇ ಆಗಿತ್ತು, ನಾವು ಕೇಳಲಿಲ್ಲ. ಆ ಕಥೆಯನ್ನು ಮತ್ತೆ ತೆಗೆದು ಕುಳಿತಿದ್ದೇವೆ. ಸೊಸೆಯ ನೋವಿನ ಒಂದು ಸಾಲನ್ನೂ ತೆಗೆಯುವುದಿಲ್ಲ. ಅತ್ತೆ ಅಂಗಳಕ್ಕೆ ಹೋದಾಗ ಮಾತ್ರ ಈ ಸಲ ನಾವೂ ಅವಳ ಹಿಂದೆ ಹೋಗಬೇಕು.