ಯಾರ ಕಲ್ಯಾಣ?

ಗಿರೀಶ ಕಾರ್ನಾಡರ 'ರಾಕ್ಷಸ ತಂಗಡಿ' (2018) ನಾಟಕವನ್ನು ಬೀದರ ಸೀಮೆಯ ಮಂದಿ ಬೇರೆಯೇ ಕಣ್ಣಿನಿಂದ ಓದಬೇಕಾಗುತ್ತದೆ. 1565ರ ಯುದ್ಧದಲ್ಲಿ ವಿಜಯನಗರದ ಎದುರು ನಿಂತವರಲ್ಲಿ ನಮ್ಮ ಬೀದರದ ಅಲಿ ಬರೀದನೂ ಒಬ್ಬ. ಅದಕ್ಕೆ ಮೊದಲು ದೊರೆಗಳು ಬಡಿದಾಡಿದ ಕಲ್ಯಾಣದ ಕೋಟೆಯೂ ನಮ್ಮ ಜಿಲ್ಲೆಯದೇ.

ಇದು ಹಿಂದೂ-ಮುಸಲ್ಮಾನರ ಕಾಳಗ ಅಂತ ಇವತ್ತಿಗೂ ಭಾಷಣ ಬಿಗಿಯುವವರಿದ್ದಾರೆ. ನಿಜ ಏನು? ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ವಿಜಯನಗರದ ಆಶ್ರಯದಲ್ಲಿ ಉಂಡವ. ರಾಮರಾಯನ ಮಗ ಸತ್ತಾಗ ಬಿಜಾಪುರದ ಅಲಿ ಆದಿಲ್ ಶಾಹ ಸಮಾಧಾನ ಹೇಳಲಿಕ್ಕೆ ತಾನೇ ಹೋದ; ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು ಅಂತ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಇಂಥವರೇ ಎದುರುಬದುರು ನಿಂತರು.

ಹಂಗಾದರೆ ಗೆಳೆತನ ಮುರಿದದ್ದು ಯಾತರಿಂದ? ಕಾರ್ನಾಡರು ಬೆರಳಿಡುವುದು ಕುಲದ ಹಮ್ಮಿನ ಮೇಲೆ. ಅಧಿಕಾರವೆಲ್ಲ ಕೈಯಲ್ಲಿದ್ದರೂ ರಾಜವಂಶದವನಲ್ಲವೆಂದು ಸಿಂಹಾಸನ ಸಿಗದ ರಾಮರಾಯ ತಾನು ಚಾಲುಕ್ಯ ಕುಲದವನೆನ್ನುತ್ತಾನೆ. ಅದಕ್ಕೇ ಅವನಿಗೆ ಕಲ್ಯಾಣ ಬೇಕು. ಹುಟ್ಟಿನ ಏಣಿ ತನ್ನನ್ನು ಕೆಳಗಿಟ್ಟಾಗ ಏಣಿಯನ್ನೇ ಮುರಿಯದೆ ಮೇಲಿನ ಮೆಟ್ಟಿಲು ಕೇಳಿದವನ ದುರಂತ ಇದು. ನಾಟಕದ ಬಲ ಇರುವುದೇ ಇಲ್ಲಿ.

ಆದರೆ ರಾಮರಾಯ ಕೇಳುವುದು ಚಾಲುಕ್ಯರ ಕಲ್ಯಾಣ, ಹರಳಯ್ಯನ ಕಲ್ಯಾಣವಲ್ಲ. ಅವನಿಗಿಂತ ಸುಮಾರು ನಾನೂರು ವರ್ಷ ಹಿಂದೆ ಅದೇ ಊರಲ್ಲಿ ಸಮಗಾರ ಹರಳಯ್ಯನೂ ಬ್ರಾಹ್ಮಣ ಮಧುವರಸನೂ ಬೀಗರಾದರು. ಅವರಿಗೆ ಸಿಕ್ಕಿದ್ದು ಎಳೆಹೂಟೆ ಶಿಕ್ಷೆ ಅಂತ ಶರಣ ಪರಂಪರೆ ಹೇಳುತ್ತದೆ. ಆ ಮದುವೆಯ ಕಥೆಯನ್ನು ಕಾರ್ನಾಡರೇ 'ತಲೆದಂಡ' (1990) ನಾಟಕದಲ್ಲಿ ಬರೆದರು. ಎರಡನ್ನೂ ಒಟ್ಟಿಗೇ ಓದ್ರಿ. ಅರಮನೆ-ಅರಮನೆ ನಡುವಿನ ಗೆಳೆತನ ಮುರಿದರೆ ದುರಂತ. ಕೇರಿಗೂ ಅಗ್ರಹಾರಕ್ಕೂ ಗೆಳೆತನ ಕೂಡಿದರೆ ಅಪರಾಧ! ನಮ್ಮ ಐತಿಹಾಸಿಕ ಕಾದಂಬರಿ-ನಾಟಕಗಳು ಮೊದಲನೆಯದಕ್ಕೆ ಸುರಿಸಿದಷ್ಟು ಕಣ್ಣೀರು ಎರಡನೆಯದಕ್ಕೆ ಸುರಿಸಿವೆಯೇನು?

ನಮ್ಮ ನೌಬಾದದ ನೆಲದಡಿ ಬಹಮನಿ ಕಾಲದ ಸುರಂಗ ಬಾವಿ ಅದ. ಸುಲ್ತಾನರ ಹೆಸರು ಪುಸ್ತಕದಾಗ ಅವ. ಕತ್ತಲಲ್ಲಿ ಕುಂತು ಕಲ್ಲು ಕಡಿದವರ ಹೆಸರು ಎಲ್ಲಿ ಅವ? ಯುದ್ಧದ ಲೆಕ್ಕವೂ ಹಂಗೇ. ದೊರೆಗಳಿಗೆ ಹೆಸರು, ಕಾಲಾಳುಗಳಿಗೆ ಬರೀ ಸಂಖ್ಯೆ. ಎರಡೂ ದಂಡಿನಲ್ಲಿ ಹೊಟ್ಟೆಪಾಡಿಗೆ ಈಟಿ ಹಿಡಿದವರಲ್ಲಿ ಗೆಳೆಯರಿರಲಿಲ್ಲವೇ? ಒಂದೇ ಮಾತಾಡುವವರು ಒಬ್ಬರನ್ನೊಬ್ಬರು ತಿವಿದಿರಲಿಕ್ಕಿಲ್ಲವೇ? ಅವರಿಗೆ ಯಾವ ಕುಲದ ಹಮ್ಮು, ಯಾವ ಕಲ್ಯಾಣ?

ಆ ಕಾದಂಬರಿಯನ್ನು ಅರಮನೆಯ ಕಡೆಯಿಂದ ಬರೆಯಲಿಕ್ಕೆ ಬರೋದಿಲ್ಲ. ಅದನ್ನು ಬರೀಬೇಕಾದವರು ನಾವೇ.