ಡಂಕೆಲ್ ಕರಡನ್ನು ಓದಿದವರು

ಒಬ್ಬ ಸ್ವಿಸ್ ಅಧಿಕಾರಿಯ ಹೆಸರು ಕರ್ನಾಟಕದ ಹಳ್ಳಿಗಳಲ್ಲಿ ಬೈಗುಳದಂತೆ ಬಳಕೆಗೆ ಬಂದದ್ದು ನಮ್ಮ ಈಚಿನ ಚರಿತ್ರೆಯ ವಿಚಿತ್ರಗಳಲ್ಲೊಂದು. ಆರ್ಥರ್ ಡಂಕೆಲ್ 1980ರಿಂದ 1993ರವರೆಗೆ ಗ್ಯಾಟ್‌ನ ಮಹಾನಿರ್ದೇಶಕರಾಗಿದ್ದವರು. 1986ರಲ್ಲಿ ಶುರುವಾದ ಉರುಗ್ವೆ ಸುತ್ತಿನ ಮಾತುಕತೆ ಐದು ವರ್ಷ ಎಳೆದಾಡಿ ದಡ ಮುಟ್ಟದೆ ನಿಂತಾಗ, 1991ರ ಡಿಸೆಂಬರ್ 20ರಂದು ಅವರು ನಾನೂರು ಪುಟ ಮೀರಿದ ಕರಡೊಂದನ್ನು ಸದಸ್ಯ ರಾಷ್ಟ್ರಗಳ ಮುಂದಿಟ್ಟರು. ಅಲ್ಲಿಂದ ಮೂರು ವರ್ಷ ರೈತ ಸಂಘದ ಸಭೆಗಳಲ್ಲಿ, ಗೋಡೆ ಬರಹಗಳಲ್ಲಿ, ವಿಚಾರಗೋಷ್ಠಿಗಳಲ್ಲಿ ಎಲ್ಲೆಲ್ಲೂ ಡಂಕೆಲ್. ಪಾಪ, ಆ ಮನುಷ್ಯ ಬರೆದದ್ದರಲ್ಲಿ ಹೆಚ್ಚಿನದು ಬಲಾಢ್ಯ ರಾಷ್ಟ್ರಗಳ ವಕೀಲರು ಮೊದಲೇ ಆಡಿದ್ದ ಮಾತು.

ಆಗಿನ ವಾದವಿವಾದಗಳನ್ನು ಈಗ ಹಿಂತಿರುಗಿ ನೋಡಿದರೆ ಎರಡು ಧಾಟಿಗಳು ಎದ್ದು ಕಾಣುತ್ತವೆ. ಒಂದು, ‘ದೇಶವನ್ನೇ ಮಾರಿಬಿಟ್ಟರು’ ಎಂಬ ಗೋಳು. ಇನ್ನೊಂದು, ‘ಬೇರೆ ದಾರಿಯೇ ಇಲ್ಲ, ಜಗತ್ತೆಲ್ಲ ಹೋಗುತ್ತಿರುವಾಗ ನಾವೊಬ್ಬರೇ ಕೂತಿರಲಾದೀತೆ’ ಎಂಬ ಜಾಣತನ. ಮೇಲುನೋಟಕ್ಕೆ ಇವು ಎಣ್ಣೆ ಸೀಗೆಕಾಯಿಯಂತೆ ಕಂಡರೂ ಒಳಗೆ ಒಂದು ನಂಟಿದೆ. ಎರಡೂ ಒಪ್ಪಂದವನ್ನು ಹಣೆಬರಹವೆಂದು ತಿಳಿದವು; ಬರೆದಾಗಿದೆ, ಇನ್ನು ಅಳುವುದೋ ನಗುವುದೋ ಅಷ್ಟೇ ಉಳಿದದ್ದು ಎಂಬ ಭಾವ. ಒಪ್ಪಂದವೆನ್ನುವುದು ಮಾತಿನಲ್ಲಿ ಕಟ್ಟಿದ ವಸ್ತು. ಅದರಲ್ಲಿ ಗಟ್ಟಿ ಜಾಗಗಳಿರುತ್ತವೆ, ಟೊಳ್ಳು ಜಾಗಗಳಿರುತ್ತವೆ, ರಾಜಿಯಾಗದೆ ಬಿಟ್ಟ ಮಬ್ಬು ಪದಗಳಿರುತ್ತವೆ. ಕವಿತೆಯನ್ನು ಓದುವಷ್ಟೇ ಎಚ್ಚರದಿಂದ ಅದನ್ನು ಓದಬೇಕು. ಹಾಗೆ ಓದಿದ ಮೂರನೆಯ ಗುಂಪೊಂದು ಆಗ ಇತ್ತು. ಅದಕ್ಕೆ ಸಲ್ಲಬೇಕಾದದ್ದು ಇನ್ನೂ ಸಂದಿಲ್ಲ ಎಂದೇ ಈ ಬರಹ.

ಕರ್ನಾಟಕ ರಾಜ್ಯ ರೈತ ಸಂಘದ ನಾಯಕ ಎಂ.ಡಿ. ನಂಜುಂಡಸ್ವಾಮಿ ಕಾನೂನಿನ ಅಧ್ಯಾಪಕರಾಗಿದ್ದವರು, ಜನರ ಬಾಯಲ್ಲಿ ಕೊನೆಯವರೆಗೂ ‘ಪ್ರೊಫೆಸರ್’. 1992ರ ಡಿಸೆಂಬರ್ 29ರಂದು ರೈತರು ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಅಲ್ಲಿನ ಕಾಗದಪತ್ರಗಳನ್ನು ಬೀದಿಗೆ ಎಸೆದು ಬೆಂಕಿ ಹಚ್ಚಿದರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿಯ ಕಟ್ಟಡ ಕೆಡವಿದರು. ಪತ್ರಿಕೆಗಳಿಗೆ ಬೇಕಾದದ್ದು ಬೆಂಕಿ, ಅದು ಸಿಕ್ಕಿತು. ಇದು ಹಿಂಸೆಯೋ ಸತ್ಯಾಗ್ರಹವೋ ಎಂಬ ಚರ್ಚೆ ಬಹಳ ದಿನ ನಡೆಯಿತು. ನನಗೆ ಆ ಬೆಂಕಿಯ ಬಗ್ಗೆ ಅಂಥ ಗೌರವವೇನೂ ಇಲ್ಲ. ಇಡೀ ಜಗಳ ಒಂದು ಕಾಗದದ ಮೇಲೆ ಏನು ಬರೆದಿದೆ ಎಂಬುದರ ಬಗ್ಗೆ ಇರುವಾಗ ಇನ್ನೊಬ್ಬರ ಕಾಗದ ಸುಡುವುದರಲ್ಲಿ ಏನೋ ಅಸಂಗತವಿದೆ. ಆದರೆ ಬೆಂಕಿಯನ್ನಷ್ಟೇ ನೋಡಿದವರು ಅದರ ಹಿಂದಿದ್ದ ಓದನ್ನು ನೋಡಲಿಲ್ಲ. ಬೀಜದ ಮೇಲೆ ಕಂಪನಿಗೆ ಏಕಸ್ವಾಮ್ಯ ಬಂದರೆ ಮುಂದಿನ ಮುಂಗಾರಿಗೆ ಬೀಜ ಎತ್ತಿಡುವ ಒಕ್ಕಲಿಗ ಕಳ್ಳನಾಗುತ್ತಾನೆಯೇ ಎಂಬ ಪ್ರಶ್ನೆಯನ್ನು, ಕಲಮು ಹಿಡಿದು, ಹಳ್ಳಿಯ ಕಟ್ಟೆಯ ಮೇಲೆ ಕೂತು ಕೇಳಿದವರು ಅವರೇ. ಜಿನೀವಾದ ದಸ್ತಾವೇಜೊಂದು ಕನ್ನಡದಲ್ಲಿ ಚರ್ಚೆಯಾದದ್ದು ಸಣ್ಣ ಸಂಗತಿಯಲ್ಲ.

ಆ ಕಲಮು ಯಾವುದು? ಬೌದ್ಧಿಕ ಆಸ್ತಿಯನ್ನು ಕುರಿತ ಟ್ರಿಪ್ಸ್ ಭಾಗದ 27ನೆಯ ವಿಧಿ, 3ನೆಯ ಉಪವಿಧಿಯ ‘ಬಿ’ ಖಂಡ. ಸಸ್ಯ ಮತ್ತು ಪ್ರಾಣಿಗಳನ್ನು ಪೇಟೆಂಟಿನಿಂದ ಹೊರಗಿಡಲು ಸದಸ್ಯ ರಾಷ್ಟ್ರಕ್ಕೆ ಅದು ಅವಕಾಶ ಕೊಡುತ್ತದೆ, ಸೂಕ್ಷ್ಮಜೀವಿಗಳನ್ನು ಬಿಟ್ಟು. ಆದರೆ ಸಸ್ಯತಳಿಗಳಿಗೆ ಪೇಟೆಂಟಿನ ಮೂಲಕವೋ, ಪರಿಣಾಮಕಾರಿಯಾದ ‘ಸೂಯಿ ಜೆನೆರಿಸ್’ ವ್ಯವಸ್ಥೆಯ ಮೂಲಕವೋ, ಎರಡನ್ನೂ ಬೆರೆಸಿಯೋ ರಕ್ಷಣೆ ಕೊಡಲೇಬೇಕು ಎನ್ನುತ್ತದೆ. ಸೂಯಿ ಜೆನೆರಿಸ್ ಎಂದರೆ ಲ್ಯಾಟಿನ್ನಿನಲ್ಲಿ ‘ತನ್ನದೇ ಬಗೆಯ’ ಎಂದರ್ಥ. ವಾಕ್ಯದ ಬಿಗಿ ನೋಡಿ: ಮೊದಲು ಬಾಗಿಲು ತೆಗೆಯುತ್ತದೆ, ಆಮೇಲೆ ಮುಚ್ಚುತ್ತದೆ, ಮುಚ್ಚುವಾಗ ಒಂದು ಸಂದಿ ಬಿಡುತ್ತದೆ. ‘ಪರಿಣಾಮಕಾರಿ’ ಎಂದರೆ ಯಾರ ಪಾಲಿಗೆ? ಹೇಳಿಲ್ಲ. ‘ತನ್ನದೇ ಬಗೆ’ ಎಂದರೆ ಯಾರದು? ಅದನ್ನೂ ಹೇಳಿಲ್ಲ. ಮಾತುಕತೆಯಲ್ಲಿ ಒಮ್ಮತ ಸಿಗದ ಕಡೆ ಹೀಗೆ ಲ್ಯಾಟಿನ್ ಬಂದು ಕೂರುತ್ತದೆ. ಸಿರಿವಂತ ರಾಷ್ಟ್ರಗಳು ಮತ್ತು ಬೀಜ ಕಂಪನಿಗಳ ಮನಸ್ಸಿನಲ್ಲಿದ್ದ ಅರ್ಥ ಯೂಪೋವ್ ಎಂಬ ತಳಿ ಸಂರಕ್ಷಣಾ ಒಡಂಬಡಿಕೆ. ಅದರ 1991ರ ಆವೃತ್ತಿಯಲ್ಲಿ ತಳಿ ತಯಾರಿಸಿದವನ ಹಕ್ಕೇ ಮೊದಲು. ರೈತ ತನ್ನ ಬೆಳೆಯಿಂದ ಬೀಜ ಉಳಿಸಿಕೊಳ್ಳುವುದು ಸರ್ಕಾರಗಳು ಬೇಕಾದರೆ ಕೊಡಬಹುದಾದ ವಿನಾಯಿತಿ ಮಾತ್ರ.

ಭಾರತ ಯೂಪೋವ್ ಅನ್ನು ನಕಲು ಮಾಡಲಿಲ್ಲ. 1999ರಲ್ಲಿ ಮಂಡಿಸಿದ ಮಸೂದೆ ಸಂಸತ್ತಿನ ಜಂಟಿ ಸಮಿತಿಗೆ ಹೋಗಿ, ರೈತ ಸಂಘಟನೆಗಳ ಮತ್ತು ವಿಜ್ಞಾನಿಗಳ ಮಾತು ಕೇಳಿ, 2001ರಲ್ಲಿ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಾಗಿ ಹೊರಬಂತು. ಹೆಸರಿನಲ್ಲೇ ‘ರೈತರ ಹಕ್ಕು’ ಇರುವುದನ್ನು ಗಮನಿಸಬೇಕು. ಅದರ 39ನೆಯ ಕಲಮಿನ ಪ್ರಕಾರ, ಸಂರಕ್ಷಿತ ತಳಿಯ ಬೀಜವನ್ನೂ ಒಳಗೊಂಡಂತೆ ತನ್ನ ಫಸಲನ್ನು ರೈತ ಹಿಂದಿನಂತೆಯೇ ಉಳಿಸಬಹುದು, ಬಳಸಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಬಹುದು. ಬ್ರಾಂಡ್ ಹಾಕಿ ಮಾತ್ರ ಮಾರುವಂತಿಲ್ಲ. ಕಾಯ್ದೆಗಳ ಭಾಷೆ ಒಣಕಲಾಗಿರುತ್ತದೆ ಎನ್ನುವವರು ಈ ಕ್ರಿಯಾಪದಗಳ ಸಾಲನ್ನು ಓದಬೇಕು. ನೆರೆಮನೆಯಿಂದ ಒಂದು ಸೇರು ರಾಗಿ ಬೀಜ ಕಡ ತಂದು ಸುಗ್ಗಿಯಲ್ಲಿ ಒಂದೂವರೆ ಸೇರು ಹಿಂತಿರುಗಿಸುವ ವ್ಯವಹಾರವೆಲ್ಲ ಅದರೊಳಗಿದೆ. ಲ್ಯಾಟಿನ್ ಬಿಟ್ಟ ಸಂದಿಯಲ್ಲಿ ನಮ್ಮ ಕಣಜದ ಪದ್ಧತಿಯನ್ನು ತುಂಬಿದರು. ಸರ್ಕಾರ ತಾನಾಗಿ ಉದಾರಿಯಾಗಿ ಇದನ್ನು ಕೊಟ್ಟಿತೆಂದು ನಾನು ನಂಬುವುದಿಲ್ಲ.

ಈ ಸಾಲುಗಳು ಬರೀ ಅಲಂಕಾರವೇ ಎಂಬುದು ಗೊತ್ತಾದದ್ದು 2019ರಲ್ಲಿ. ಚಿಪ್ಸ್‌ಗೆ ಬಳಸುವ ಎಫ್‌ಎಲ್ 2027 ಎಂಬ ಆಲೂಗಡ್ಡೆ ತಳಿಯನ್ನು ಅನುಮತಿಯಿಲ್ಲದೆ ಬೆಳೆದರೆಂದು ಪೆಪ್ಸಿಕೋ ಕಂಪನಿ ಗುಜರಾತಿನ ರೈತರ ಮೇಲೆ ದಾವೆ ಹೂಡಿತು. ಕೆಲವರಿಂದ ತಲಾ ಒಂದು ಕೋಟಿಗೂ ಮೀರಿ ಪರಿಹಾರ ಕೇಳಿತು. ಕೆಲವೇ ಎಕರೆ ಉಳುವವನ ಮೇಲೆ ಕೋಟಿ! ದೇಶದೆಲ್ಲೆಡೆ ರೈತರು 39ನೆಯ ಕಲಮನ್ನು ಎತ್ತಿ ಹಿಡಿದರು. ಕಂಪನಿ ಮೇ ತಿಂಗಳಲ್ಲಿ ದಾವೆಗಳನ್ನು ಹಿಂತೆಗೆದುಕೊಂಡಿತು. ಆಮೇಲಿನ ಕತೆ ಅಷ್ಟು ಸರಳವಿಲ್ಲ. 2021ರ ಡಿಸೆಂಬರ್‌ನಲ್ಲಿ ತಳಿ ಪ್ರಾಧಿಕಾರ ಆ ನೋಂದಣಿಯನ್ನೇ ರದ್ದು ಮಾಡಿತು, 2023ರಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿ ಹಿಡಿಯಿತು, 2024ರ ಜನವರಿಯಲ್ಲಿ ವಿಭಾಗೀಯ ಪೀಠ ಆ ರದ್ದತಿಯನ್ನು ತಳ್ಳಿಹಾಕಿತು. ನೋಂದಣಿ ಉಳಿಯಿತು, ರೈತರ 39ನೆಯ ಕಲಮೂ ಉಳಿಯಿತು. ‘ಮಾರಿಬಿಟ್ಟರು’ ಎಂದು 1994ರಲ್ಲೇ ಷರಾ ಬರೆದವರ ಬಳಿ ಈ ಹಗ್ಗಜಗ್ಗಾಟವನ್ನು ವಿವರಿಸುವ ಪದವೇ ಇಲ್ಲ.

ಔಷಧಗಳ ವಿಷಯದಲ್ಲೂ ಇದೇ ಆಯಿತು, ಬೇಗ ಹೇಳಿ ಮುಗಿಸುತ್ತೇನೆ. 1994ರ ಕೊನೆಯ ದಿನ ತಂದ ಪೇಟೆಂಟ್ ಸುಗ್ರೀವಾಜ್ಞೆ ಸಂಸತ್ತಿನ ಒಪ್ಪಿಗೆ ಸಿಗದೆ 1995ರಲ್ಲಿ ಬಿದ್ದುಹೋಯಿತು. ಅಮೆರಿಕ ದೂರು ಕೊಟ್ಟು 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿಯಲ್ಲಿ ಗೆದ್ದಿತು. ನಾವು ತಿದ್ದುಪಡಿಗಳನ್ನು ಮಾಡಲೇಬೇಕಾಯಿತು. ಆದರೆ 2005ರ ತಿದ್ದುಪಡಿಯಲ್ಲಿ 3(ಡಿ) ಎಂಬ ಚಿಕ್ಕ ಕಲಮೊಂದು ಸೇರಿತು: ಹಳೆಯ ಔಷಧದ ಹೊಸ ರೂಪ ಹೆಚ್ಚಿನ ಗುಣ ತೋರಿಸದಿದ್ದರೆ ಅದಕ್ಕೆ ಪೇಟೆಂಟ್ ಇಲ್ಲ. ನೊವಾರ್ಟಿಸ್ ಕಂಪನಿಯ ರಕ್ತ ಕ್ಯಾನ್ಸರಿನ ಔಷಧಕ್ಕೆ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಪೇಟೆಂಟ್ ನಿರಾಕರಿಸಿದ್ದು ಈ ಕಲಮಿನ ಬಲದಿಂದ.

ಹಾಗೆಂದು ಓದಿದವರ ಓದು ಪೂರ್ಣವಾಗಿತ್ತೆಂದಲ್ಲ. ಅವರು ಶತ್ರುವನ್ನು ಹುಡುಕಿದ್ದು ಪೇಟೆಂಟಿನಲ್ಲಿ. ಅವನು ಬಂದದ್ದು ಬೇರೆ ಬಾಗಿಲಿಂದ. 1998ರ ನವೆಂಬರ್‌ನಲ್ಲಿ ರಾಯಚೂರು ಜಿಲ್ಲೆಯಲ್ಲಿ ರೈತ ಸಂಘ ಮೊನ್ಸಾಂಟೊದ ಬಿಟಿ ಹತ್ತಿಯ ಪ್ರಯೋಗದ ಹೊಲವನ್ನು ಸುಟ್ಟಿತು. 2002ರಲ್ಲಿ ಅದೇ ಹತ್ತಿಗೆ ಅನುಮತಿ ಸಿಕ್ಕಿತು, ಅದೇ ರೈತರು ಸಾಲಿನಲ್ಲಿ ನಿಂತು ಕೊಂಡರು. ಇದಕ್ಕೆ ಅವರನ್ನು ಗೇಲಿ ಮಾಡುವವರು ಕಾಯಿಕೊರಕ ತಿಂದ ಹತ್ತಿಯನ್ನು ನೋಡಿಲ್ಲ. ಮೋಜಿನ ಸಂಗತಿಯೆಂದರೆ, ಆ ಮೊದಲ ಬಿಟಿ ಹತ್ತಿಯ ಜೀನ್‌ಗೆ ಭಾರತದಲ್ಲಿ ಪೇಟೆಂಟೇ ಇರಲಿಲ್ಲ. ಆದರೂ 450 ಗ್ರಾಂ ಪೊಟ್ಟಣದ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ತಂತ್ರಜ್ಞಾನದ ಶುಲ್ಕವಾಗಿ ಹೋಗುತ್ತಿತ್ತು. ಅದು ನಡೆದದ್ದು ನಮ್ಮದೇ ಬೀಜ ಕಂಪನಿಗಳು ಸಹಿ ಮಾಡಿದ ಖಾಸಗಿ ಕರಾರುಗಳಿಂದ. ಡಂಕೆಲ್ ಕರಡಿನ ನಾನೂರು ಪುಟ ತಿರುವಿದರೂ ಈ ಅಧಿಕಾರ ಅಲ್ಲಿ ಕಾಣುವುದಿಲ್ಲ. ಅದಕ್ಕೆ ತಡೆ ಹಾಕಲು ಹೊರಟದ್ದು ಒಂದು ರಾಜ್ಯ ಸರ್ಕಾರ. 2006ರಲ್ಲಿ ಆಂಧ್ರಪ್ರದೇಶ ಏಕಸ್ವಾಮ್ಯ ನಿಯಂತ್ರಣ ಆಯೋಗದ ಮುಂದೆ ಹೋಯಿತು, ಪೊಟ್ಟಣದ ಬೆಲೆಯನ್ನು 750 ರೂಪಾಯಿಗೆ ಇಳಿಸಿತು. 2016ರಲ್ಲಿ ಕೇಂದ್ರವೇ ಶುಲ್ಕವನ್ನು 49 ರೂಪಾಯಿಗೆ ಕಟ್ಟಿಹಾಕಿತು, 2020ರಲ್ಲಿ ಸೊನ್ನೆ ಮಾಡಿತು. ಹಾಗಾದರೆ ಸಹಿ ಹಾಕಿದ ಮೇಲೂ ಸರ್ಕಾರದ ಕೈಯಲ್ಲಿ ಅಧಿಕಾರ ಉಳಿದಿತ್ತು. ಬಳಸಲು ಹದಿನಾಲ್ಕು, ಹದಿನೆಂಟು ವರ್ಷ ಬೇಕಾಯಿತು. ಸಾರ್ವಭೌಮತ್ವ ಹೋಯಿತೆಂಬ ಗೋಳು ಇಂಥ ಸೋಮಾರಿತನಕ್ಕೆ ಒಳ್ಳೆಯ ಮರೆಯಾಗುತ್ತದೆ. ಯಾವ ಮಂತ್ರಿಯನ್ನು ಕೇಳಿದರೂ ‘ಒಪ್ಪಂದವಿದೆಯಲ್ಲ’ ಎನ್ನಬಹುದು.

ಸಹಿಯ ವಿಷಯಕ್ಕೇ ಬರೋಣ. 1994ರ ಏಪ್ರಿಲ್ 15ರಂದು ಮೊರಾಕ್ಕೊದ ಮರ್ರಕೆಶ್‌ನಲ್ಲಿ ಭಾರತದ ಪರವಾಗಿ ಸಹಿ ಹಾಕಿದವರು ಆಗಿನ ವಾಣಿಜ್ಯ ಮಂತ್ರಿ ಪ್ರಣಬ್ ಮುಖರ್ಜಿ. ನಮ್ಮ ಸಂವಿಧಾನದಲ್ಲಿ ಕೃಷಿ ರಾಜ್ಯಪಟ್ಟಿಯ 14ನೆಯ ಬಾಬು. ಪರರಾಷ್ಟ್ರಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರಪಟ್ಟಿಯ 14ನೆಯ ಬಾಬು. ಎರಡು ಹದಿನಾಲ್ಕುಗಳು ಎದುರಾದಾಗ ಗೆಲ್ಲುವುದು ಎರಡನೆಯದು, ಏಕೆಂದರೆ ಒಪ್ಪಂದವನ್ನು ಜಾರಿಗೆ ತರಲು ರಾಜ್ಯಪಟ್ಟಿಯ ವಿಷಯದ ಮೇಲೂ ಸಂಸತ್ತು ಕಾನೂನು ಮಾಡಬಹುದೆಂದು 253ನೆಯ ವಿಧಿ ಹೇಳುತ್ತದೆ. ಸಹಿ ಹಾಕುವ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ನಿಯಮವೂ ಇಲ್ಲ. ಅಂದರೆ ಮಂಡ್ಯದ, ರಾಯಚೂರಿನ ಒಕ್ಕಲಿನ ಹಣೆಬರಹ ಬರೆಯುವಾಗ ಕರ್ನಾಟಕದ ವಿಧಾನಸಭೆಗೂ ದೆಹಲಿಯ ಲೋಕಸಭೆಗೂ ಕಾನೂನಿನ ಪ್ರಕಾರ ಒಂದು ಮಾತಿನ ಹಕ್ಕೂ ಇರಲಿಲ್ಲ. ಇದನ್ನು ಬರೆದವರು ಜಿನೀವಾದವರಲ್ಲ, ನಾವೇ. ಅತ್ತ ಅಮೆರಿಕ ಏನು ಮಾಡಿತು? ಅದೇ ವರ್ಷದ ಡಿಸೆಂಬರ್‌ನಲ್ಲಿ ಅದರ ಕಾಂಗ್ರೆಸ್ಸು ಉರುಗ್ವೆ ಸುತ್ತಿನ ಕಾಯ್ದೆ ಮಾಡಿ, 102ನೆಯ ಕಲಮಿನಲ್ಲಿ ಅಮೆರಿಕದ ಕಾನೂನಿಗೆ ವಿರುದ್ಧವಾದ ಒಪ್ಪಂದದ ಯಾವ ಅಂಶವೂ ತಮ್ಮಲ್ಲಿ ನಡೆಯದೆಂದು ಬರೆದುಕೊಂಡಿತು. ‘ಬೇರೆ ದಾರಿಯೇ ಇಲ್ಲ’ ಎಂದ ನಮ್ಮ ಜಾಣರು ಈ ದಾರಿಯ ಸುದ್ದಿ ಎತ್ತಿದ್ದು ಕಡಿಮೆ. ಮುಂದೆ ಅದೇ ದೇಶ ಮೇಲ್ಮನವಿ ಮಂಡಳಿಗೆ ಸದಸ್ಯರ ನೇಮಕವನ್ನೇ ತಡೆದು 2019ರ ಡಿಸೆಂಬರ್‌ನಲ್ಲಿ ಅದನ್ನು ನಿಷ್ಕ್ರಿಯಗೊಳಿಸಿತು. 2025ರ ಆಗಸ್ಟ್‌ನಲ್ಲಿ ನಮ್ಮ ಸರಕಿನ ಮೇಲೆ ಶೇಕಡ 50ರ ಸುಂಕ ಹೇರಿತು. ನಿಯಮಬದ್ಧ ವ್ಯಾಪಾರವೆಂದು ನಮಗೆ ಪಾಠ ಹೇಳಿದ ಮೇಷ್ಟ್ರೇ ಬೆಂಚು ಮುರಿದ ಹಾಗಾಯಿತು.

ಈಗಿನ ಒಪ್ಪಂದಗಳ ಬಗ್ಗೆ ನನ್ನ ಆತಂಕ ಬೇರೆ. ಡಂಕೆಲ್ ಕರಡನ್ನು ಎಷ್ಟು ಬೈದರೂ ಅದು ಕೈಗೆ ಸಿಗುತ್ತಿತ್ತು. ಸಹಿಗೆ ಎರಡು ವರ್ಷಕ್ಕೂ ಮುಂಚೆ ಅದನ್ನು ಓದಿ ಜಗಳವಾಡಲು ಸಾಧ್ಯವಿತ್ತು. 39ನೆಯ ಕಲಮಿನ ಬೇರು ಆ ಜಗಳದಲ್ಲಿದೆ. ಆಮೇಲೆ ಬಂದ ಮುಕ್ತ ವ್ಯಾಪಾರ ಒಪ್ಪಂದಗಳ ಕರಡುಗಳು ಬಾಗಿಲು ಹಾಕಿಕೊಂಡು ತಯಾರಾಗುತ್ತವೆ. ಹದಿನಾರು ದೇಶಗಳ ಆರ್‌ಸಿಇಪಿ ಮಾತುಕತೆ ವರ್ಷಗಟ್ಟಲೆ ನಡೆಯಿತು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದು ಬಿದ್ದರೆ ನಂದಿನಿಗೆ ಹಾಲು ಹಾಕುವ ಮನೆಗಳ ಗತಿಯೇನು ಎಂದು ನಮ್ಮ ಹಾಲು ಉತ್ಪಾದಕರು ಕೇಳಿದ್ದು ಸೋರಿ ಬಂದ ಪುಟಗಳನ್ನು, ಪತ್ರಿಕೆಯ ಊಹೆಗಳನ್ನು ನಂಬಿ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಹೊರಬಂತು, ಸಂತೋಷ. ಆದರೆ ಹಾಲಿನ ಬಗ್ಗೆ ಅಂತಿಮ ಕರಡಿನಲ್ಲಿ ಏನು ಒಪ್ಪಿಕೊಳ್ಳಲು ಹೊರಟಿದ್ದರೆಂದು ಡೇರಿಗೆ ಹಾಲು ಹಾಕುವವರಿಗೆ ಯಾರೂ ತೋರಿಸಿರಲಿಲ್ಲ. ಬ್ರಿಟನ್ನಿನೊಡನೆ ಮಾಡಿಕೊಂಡ ಒಪ್ಪಂದದ್ದೂ ಇದೇ ರೀತಿ. ಮಾತುಕತೆ ಮುಗಿಯಿತೆಂದು 2025ರ ಮೇ ತಿಂಗಳಲ್ಲಿ ಘೋಷಿಸಿದರು, ಜುಲೈ 24ರಂದು ಸಹಿ ಹಾಕಿದರು. ಪೂರ್ತಿ ಪಠ್ಯ ಜನರ ಕೈಗೆ ಬಂದದ್ದು ಸಹಿಯಾದ ದಿನ.